ಲಂಡನ್ನಿನ ಟಪಾಲು ಬಳ್ಳಾರಿಯಲ್ಲಿ ತಂಗಿದ ರಾತ್ರಿ

ಚೆನ್ನೈಯಿಂದ ಲಂಡನ್ನಿಗೆ ಎಷ್ಟು ದೂರ ಅಂತ ಈಗ ಯಾರನ್ನಾದರೂ ಕೇಳಿ, ಫೋನು ತೆಗೆದು ಎರಡು ಅಂಕಿ ಹೇಳುತ್ತಾರೆ. ದೂರ ಸುಮಾರು 8,200 ಕಿ.ಮೀ., ಎಲ್ಲೂ ಇಳಿಯದೆ ಹೋದರೆ ಹತ್ತೂವರೆ ಹನ್ನೊಂದು ಗಂಟೆ. ಅಲ್ಲಿಗೆ ಮಾತು ಮುಗಿಯಿತು. 1932ರಲ್ಲಿ ಇದೇ ಪ್ರಶ್ನೆಯನ್ನು ಮದರಾಸಿನ ಅಂಚೆ ಕಚೇರಿಯ ಕಿಟಕಿಯಲ್ಲಿ ಕೇಳಿದ್ದರೆ ಗುಮಾಸ್ತ ಮೈಲಿ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಯಾವ ವಾರ ಹೊರಡುತ್ತದೆ, ಎಷ್ಟು ದಿನಕ್ಕೆ ಮುಟ್ಟುತ್ತದೆ ಎಂದಷ್ಟೇ ಹೇಳುತ್ತಿದ್ದ. ಕತ್ತಲಾದರೆ ವಿಮಾನ ಇಳಿಯಲೇಬೇಕಿದ್ದ ಕಾಲ ಅದು. ದೂರವನ್ನು ಅಳೆಯುತ್ತಿದ್ದದ್ದು ರಾತ್ರಿಗಳಲ್ಲಿ. ಹಾಗೆ ರಾತ್ರಿ ಕಳೆಯಲು ಇಳಿದ ಊರುಗಳ ಸಾಲಿನಲ್ಲಿ ನಮ್ಮ ಬಳ್ಳಾರಿಯೂ ಒಂದು ಎಂಬುದು ಬಳ್ಳಾರಿಯವರಲ್ಲೇ ಬಹಳ ಮಂದಿಗೆ ಗೊತ್ತಿಲ್ಲ.

ನಾನು ಕೆಲಸ ಮಾಡಿದ್ದು ರೈಲ್ವೆ ಮೇಲ್ ಸರ್ವಿಸಿನಲ್ಲಿ, ಗುಂತಕಲ್ಲಿನಲ್ಲಿ. ಆರ್‌ಎಂಎಸ್ ಅಂದರೆ ರಾತ್ರಿಪಾಳಿ ಅಂತಲೇ ಅರ್ಥ. ಮುಂಬಯಿ–ಮದರಾಸು ಮೇಲ್ ಬಂದಾಗ ಚೀಲ ಇಳಿಸು, ಹತ್ತಿಸು, ಕಾಗದಗಳನ್ನು ಗೂಡುಗಳಿಗೆ ಎಸೆ, ಕಟ್ಟು ಕಟ್ಟು, ಅರಗು ಹಾಕು. ಕಾಗದದ ಮುಂಭಾಗ ನೋಡುವುದು ವಿಳಾಸಕ್ಕೆ. ಹಿಂಭಾಗ ನೋಡುವ ಚಟ ಮಾತ್ರ ನನ್ನದೇ. ಅಲ್ಲಿ ದಾರಿಯಲ್ಲಿ ಬಿದ್ದ ಠಸ್ಸೆಗಳಿರುತ್ತವೆ: ಯಾವ ಊರು, ಯಾವ ತಾರೀಕು. ಅಂಚೆಚೀಟಿ ಸಂಗ್ರಹಿಸುವವರು ಚೀಟಿಗೆ ಬಾಯಿ ಬಿಡುತ್ತಾರೆ. ನನಗೆ ಠಸ್ಸೆಯೇ ಹೆಚ್ಚು. ನಿವೃತ್ತಿಯಾದ ಮೇಲೆ ಹಳೆಯ ವಿಮಾನ ಟಪಾಲಿನ ಲಕೋಟೆಗಳ ಹಿಂದೆ ಬಿದ್ದದ್ದು ಈ ಚಟದಿಂದಲೇ.

ವಿಮಾನಕ್ಕೆ ಮುಂಚಿನ ಕಥೆಯನ್ನು ಬೇಗ ಮುಗಿಸುತ್ತೇನೆ. ಹಾಯಿ ಹಡಗಿನ ಕಾಲದಲ್ಲಿ ಆಫ್ರಿಕದ ತುದಿ ಸುತ್ತಿ ಬರುವ ಕಾಗದಕ್ಕೆ ನಾಲ್ಕರಿಂದ ಆರು ತಿಂಗಳು. ಬರೆದವನಿಗೆ ಉತ್ತರ ಸಿಗುವಷ್ಟರಲ್ಲಿ ವರ್ಷ ತಿರುಗಿರುತ್ತಿತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. 1871ರಲ್ಲಿ ಮುಂಬಯಿ ಕಡೆಯ ರೈಲುಹಳಿಯೂ ಮದರಾಸು ಕಡೆಯ ರೈಲುಹಳಿಯೂ ನಮ್ಮ ರಾಯಚೂರಿನಲ್ಲಿ ಬಂದು ಕೂಡಿದವು. ಲಂಡನ್ನಿನಿಂದ ರೈಲಿನಲ್ಲಿ ಇಟಲಿಯ ಬ್ರಿಂಡಿಸಿ, ಅಲ್ಲಿಂದ ಹಡಗು, ಮುಂಬಯಿಯಲ್ಲಿ ಮತ್ತೆ ರೈಲು. ಹೀಗೆ ತಿಂಗಳುಗಳ ಲೆಕ್ಕ ವಾರಗಳಿಗೆ ಇಳಿಯಿತು. ಇಪ್ಪತ್ತನೇ ಶತಮಾನದ ಶುರುವಿಗೆ ಲಂಡನ್–ಮುಂಬಯಿ ಎರಡು ವಾರ. ಹಡಗಿನಿಂದ ಹಿಂಡಬಹುದಾದ ವೇಗವನ್ನೆಲ್ಲ ಅಷ್ಟರಲ್ಲಿ ಹಿಂಡಿಯಾಗಿತ್ತು.

ವಿಮಾನದಲ್ಲಿ ಟಪಾಲು ಹೊತ್ತ ಮೊದಲ ಕೀರ್ತಿ ನಮ್ಮ ದೇಶದ್ದೇ. 1911ರ ಫೆಬ್ರವರಿ 18ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ಯುವಕ ಅಲಹಾಬಾದಿನಿಂದ ಯಮುನೆ ದಾಟಿ ನೈನಿಗೆ ಸುಮಾರು 6,500 ಕಾಗದ ಒಯ್ದ. ದೂರ ಹತ್ತು ಕಿಲೋಮೀಟರಿನ ಆಸುಪಾಸು, ಹಿಡಿದದ್ದು ಹದಿಮೂರು ನಿಮಿಷ. ಅದು ಜಾತ್ರೆಯ ಆಟ, ನಿಜ. ಆದರೆ ಟಪಾಲಿನವರಿಗೆ ಆಸೆ ಹುಟ್ಟಲು ಅಷ್ಟು ಸಾಕಾಯಿತು.

ಲಂಡನ್ನಿನಿಂದ ಭಾರತಕ್ಕೆ ವಾರಕ್ಕೊಂದು ವಿಮಾನ ಅಂತ ಕ್ರಮವಾಗಿ ಶುರುವಾದದ್ದು 1929ರ ಮಾರ್ಚ್ 30ರಂದು. ಕಂಪನಿ ಇಂಪೀರಿಯಲ್ ಏರ್‌ವೇಸ್, ಮುಟ್ಟುವ ಊರು ಕರಾಚಿ, ಹಿಡಿಯುವ ಕಾಲ ಏಳು ದಿನ, ಟಿಕೆಟ್ 130 ಪೌಂಡು. ಆ ದಾರಿಯನ್ನು ಒಮ್ಮೆ ಓದಬೇಕು. ಕ್ರಾಯ್ಡನ್ನಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ವಿಮಾನ. ಮುಂದೆ ಆಲ್ಪ್ಸ್ ಪರ್ವತ, ಆದ್ದರಿಂದ ಇಟಲಿಯ ಜೆನೋವಾವರೆಗೆ ರೈಲು! ವಿಮಾನಯಾನದ ಟಿಕೆಟ್ ತೆಗೆದುಕೊಂಡವರು ರೈಲುಡಬ್ಬಿಯಲ್ಲಿ ಮಲಗಿ ಹೋಗುತ್ತಿದ್ದರು. ಜೆನೋವಾದಿಂದ ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ರೋಮ್, ನೇಪಲ್ಸ್, ಅಥೆನ್ಸ್ ಮುಟ್ಟುತ್ತ ಮೆಡಿಟರೇನಿಯನ್ ದಾಟಿ ಅಲೆಕ್ಸಾಂಡ್ರಿಯಾ. ಅಲ್ಲಿ ಮೂರು ಎಂಜಿನ್ನಿನ ಹರ್ಕ್ಯುಲಿಸ್ ವಿಮಾನ ಹತ್ತಬೇಕು: ಗಾಜಾ, ರುಟ್ಬಾ, ಬಾಗ್ದಾದ್, ಬಸ್ರಾ, ಪರ್ಷಿಯಾದ ಕರಾವಳಿಯ ಬುಶೈರ್, ಲಿಂಗೆ, ಜಾಸ್ಕ್, ಆಮೇಲೆ ಗ್ವಾದರ್, ಕೊನೆಗೆ ಕರಾಚಿ. ಒಟ್ಟು ಸುಮಾರು 5,000 ಮೈಲಿ. ವಿಮಾನದ ವೇಗ ಗಂಟೆಗೆ ನೂರು ಮೈಲಿ ಅಂತಿಟ್ಟರೂ ನಿಜವಾದ ಓಟ ಐವತ್ತು ಗಂಟೆಯದು. ಏಳು ದಿನ ಅಂದರೆ 168 ಗಂಟೆ. ಉಳಿದ ಕಾಲವೆಲ್ಲ ಪೆಟ್ರೋಲು, ಊಟ, ನಿದ್ದೆ, ಗಾಡಿ ಬದಲಿ, ಬೆಳಗಾಗಲೆಂದು ಕಾಯುವುದು.

ಇದರಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಒಂದಿದೆ. ಬಾಗ್ದಾದಿನ ಪಶ್ಚಿಮಕ್ಕೆ ನೂರಾರು ಮೈಲಿ ಮರುಭೂಮಿ. ಗುಡ್ಡವಿಲ್ಲ, ನದಿಯಿಲ್ಲ, ಊರಿಲ್ಲ, ಮೇಲಿನಿಂದ ನೋಡಿದರೆ ಗುರುತು ಹಿಡಿಯಲು ಏನೂ ಇಲ್ಲ. 1921ರಲ್ಲಿ ಬ್ರಿಟಿಷ್ ವಾಯುಪಡೆ ಕೈರೋ–ಬಾಗ್ದಾದ್ ಟಪಾಲು ಶುರು ಮಾಡಿದಾಗ ಅದಕ್ಕೊಂದು ಉಪಾಯ ಹುಡುಕಿತು. ನೆಲದ ಮೇಲೆ ನೇಗಿಲು ಹೊಡೆಸಿ ಸಾಲು ತೆಗೆಸಿದರು. ಪೈಲಟ್ ಆ ಸಾಲನ್ನು ನೋಡಿಕೊಂಡು ಹಾರಬೇಕು, ಸಾಲು ತಪ್ಪಿದರೆ ದಾರಿ ತಪ್ಪಿತು. ನಡುವೆ ರುಟ್ಬಾದಲ್ಲಿ ಬಾವಿ ಇತ್ತು, ಅಲ್ಲೊಂದು ಕೋಟೆ ಕಟ್ಟಿ ಪ್ರಯಾಣಿಕರಿಗೆ ವಸತಿ ಮಾಡಿದರು. 1932ರ ಅಕ್ಟೋಬರ್ ಹೊತ್ತಿಗೆ ಪರ್ಷಿಯಾದ ಕರಾವಳಿ ಬಿಟ್ಟು ದಾರಿಯನ್ನು ಎದುರು ದಡಕ್ಕೆ, ಅರಬರ ಕಡೆಗೆ ಸರಿಸಿದರು. ಶಾರ್ಜಾದಲ್ಲಿ ಹೊಸ ತಂಗುದಾಣ ಎದ್ದಿತು. ಇವತ್ತು ಕನ್ನಡಿಗರು ಸಾವಿರಗಟ್ಟಲೆ ದುಡಿಯುವ ಆ ಊರಿಗೆ ವಿಮಾನ ಇಳಿಯಲು ಶುರುವಾದದ್ದು ಲಂಡನ್–ಕರಾಚಿ ದಾರಿಯ ಒಂದು ರಾತ್ರಿಯ ನಿದ್ದೆಗಾಗಿ.

ಕರಾಚಿಗೆ ಬಂದ ಟಪಾಲು ಅಲ್ಲಿ ನಿಲ್ಲುತ್ತಿತ್ತು. ಏಳು ದಿನದಲ್ಲಿ ಐದು ಸಾವಿರ ಮೈಲಿ ಬಂದ ಕಾಗದ ಮದರಾಸು ಮುಟ್ಟಲು ಮತ್ತೆ ರೈಲಿನಲ್ಲಿ ಭಾರತವನ್ನು ಅರ್ಧ ಸುತ್ತಬೇಕು. ಈ ಕೊರತೆಯನ್ನು ಮೊದಲು ಗುರುತಿಸಿ ಯೋಜನೆ ಮಾಡಿದವನು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿದ್ದು ಹೊರಬಂದವನು, 1929ರಲ್ಲಿ ಭಾರತಕ್ಕೆ ಬಂದು ಊರೂರಲ್ಲಿ ಜನರನ್ನು ವಿಮಾನದಲ್ಲಿ ಕೂರಿಸಿ ಹಾರಿಸಿ ಹೊಟ್ಟೆ ಹೊರೆದವನು. ಎಲ್ಲಿ ಇಳಿಯಬಹುದು, ಎಲ್ಲಿ ಆಗದು ಎಂಬುದು ಅವನಿಗೆ ಹಾಗೆ ತಿರುಗಿಯೇ ತಿಳಿದದ್ದು. ಅವನ ಯೋಜನೆಗೆ ಕೈಕೊಟ್ಟವರು ಜೆ.ಆರ್.ಡಿ. ಟಾಟಾ. ಟಾಟಾ ಮನೆತನದ ಹಿರಿಯ ದೊರಾಬ್ಜಿ ಅವರನ್ನು ಒಪ್ಪಿಸಿ ಎರಡು ಲಕ್ಷ ರೂಪಾಯಿ ಬಂಡವಾಳ ತಂದರು. ಸರ್ಕಾರದಿಂದ ಸಹಾಯಧನ ಒಂದು ಪೈಸೆಯೂ ಇಲ್ಲ. ಹೊತ್ತ ಟಪಾಲಿನ ತೂಕಕ್ಕೆ ತಕ್ಕ ಬಾಡಿಗೆ ಅಷ್ಟೇ.

1932ರ ಅಕ್ಟೋಬರ್ 15, ಶನಿವಾರ. ಕರಾಚಿಯ ಡ್ರಿಗ್ ರೋಡ್ ವಿಮಾನ ನೆಲೆಯಿಂದ ಬೆಳಗ್ಗೆ ಜೆ.ಆರ್.ಡಿ. ಹೊರಟರು. ವಿಮಾನ ಒಂದೇ ಎಂಜಿನ್ನಿನ ಪುಸ್ ಮಾತ್, ಒಳಗೆ ಸುಮಾರು ಇಪ್ಪತ್ತೈದು ಕಿಲೋ ಟಪಾಲು. ವೈರ್‌ಲೆಸ್ ಇಲ್ಲ, ನೆಲದಿಂದ ದಾರಿ ಹೇಳುವವರು ಯಾರೂ ಇಲ್ಲ. ಅಹಮದಾಬಾದಿನಲ್ಲಿ ಇಳಿದಾಗ ಬರ್ಮಾ ಶೆಲ್ಲಿನವರ ಪೆಟ್ರೋಲ್ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ನಾಲ್ಕು ನಾಲ್ಕು ಗ್ಯಾಲನ್ನಿನ ಡಬ್ಬ, ಒಂದೊಂದಾಗಿ ಸುರಿದು ತುಂಬಬೇಕು. ಅಲ್ಲಿಂದ ಮುಂಬಯಿಯ ಜುಹೂ. ಆಗ ಜುಹೂ ಅಂದರೆ ಕಡಲ ಪಕ್ಕದ ಮಣ್ಣಿನ ಬಯಲು, ಮಳೆಗಾಲದಲ್ಲಿ ನೀರು ನಿಂತು ಕೆರೆಯಾಗುತ್ತಿತ್ತು. ಆ ನಾಲ್ಕು ತಿಂಗಳು ಕಂಪನಿ ತನ್ನ ಸಾಮಾನು ಸರಂಜಾಮು ಹೊತ್ತು ಪುಣೆಯ ಯರವಾಡಕ್ಕೆ ಹೋಗುತ್ತಿತ್ತು. ಜೆ.ಆರ್.ಡಿ. ಜುಹೂನಲ್ಲಿ ಇಳಿದಾಗ ಮಧ್ಯಾಹ್ನ 1:50.

ಪುಸ್ತಕ, ಪತ್ರಿಕೆ, ಅಂಚೆಚೀಟಿ, ಎಲ್ಲದರಲ್ಲೂ ಕಥೆ ಇಲ್ಲಿಗೆ ಮುಗಿಯುತ್ತದೆ. ನನಗೆ ಸಿಟ್ಟು ಬರುವುದೂ ಇಲ್ಲಿಯೇ. ಟಪಾಲು ಮುಂಬಯಿಯದಷ್ಟೇ ಆಗಿರಲಿಲ್ಲ, ಸೇವೆಯ ಹೆಸರೇ ಕರಾಚಿ–ಮದರಾಸು. ಜುಹೂನಲ್ಲಿ ಚೀಲ ಇನ್ನೊಂದು ಪುಸ್ ಮಾತ್‌ಗೆ ಹೋಯಿತು. ವಿನ್ಸೆಂಟ್ ಅದನ್ನು ಹೊತ್ತು ದಕ್ಷಿಣಕ್ಕೆ ಹಾರಿದ. ಆ ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಅಕ್ಟೋಬರ್ 16ರಂದು ಮದರಾಸು ಮುಟ್ಟಿದ.

ಬಳ್ಳಾರಿಯೇ ಯಾಕೆ ಎಂದು ನಾನು ಅಟ್ಲಾಸು, ದಾರ, ಸ್ಕೇಲು ಇಟ್ಟುಕೊಂಡು ಲೆಕ್ಕ ಹಾಕಿದ್ದೇನೆ. ಬೇಕಾದರೆ ನೀವೂ ಹಾಕಿ. ಮುಂಬಯಿಯಿಂದ ಮದರಾಸಿಗೆ ನೇರ ಗೆರೆ ಎಳೆದರೆ ಸುಮಾರು 1,040 ಕಿ.ಮೀ. ಆ ಗೆರೆಯಿಂದ ಬಳ್ಳಾರಿ ಪಕ್ಕಕ್ಕಿರುವುದು ಐವತ್ತು ಅರವತ್ತು ಕಿಲೋಮೀಟರಿನಷ್ಟು ಮಾತ್ರ. ಬಳ್ಳಾರಿಗೆ ಬಂದು ಹೋದರೆ ಒಟ್ಟು ದಾರಿ ಹೆಚ್ಚಾಗುವುದು ಆರೇಳು ಕಿಲೋಮೀಟರು, ಅಂದರೆ ಎರಡು ಮೂರು ನಿಮಿಷದ ಹಾರಾಟ. ಇನ್ನು ಹೊತ್ತಿನ ಲೆಕ್ಕ. ಮುಂಬಯಿ–ಬಳ್ಳಾರಿ ಸುಮಾರು 615 ಕಿ.ಮೀ. ಗಂಟೆಗೆ 160 ಕಿ.ಮೀ. ವೇಗದಲ್ಲಿ ಹತ್ತಿರ ಹತ್ತಿರ ನಾಲ್ಕು ಗಂಟೆ. ಎರಡು ಗಂಟೆ ದಾಟಿ ಮುಂಬಯಿ ಬಿಟ್ಟವನು ಬಳ್ಳಾರಿಯ ಮೇಲೆ ಬರುವಾಗ ಆರು. ಅಕ್ಟೋಬರ್ ನಡುವಿನಲ್ಲಿ ನಮ್ಮ ಕಡೆ ಹೊತ್ತು ಮುಳುಗುವುದೂ ಆರರ ಸುಮಾರಿಗೇ. ಇನ್ನು ನೂರು ಕಿಲೋಮೀಟರು ಮುಂದೆ ಹೋಗೋಣವೆಂದರೆ ಕತ್ತಲಲ್ಲಿ ಅನಂತಪುರ ಸೀಮೆಯ ಗುಡ್ಡಗಳ ಮೇಲೆ. ಬಳ್ಳಾರಿಯ ಪಾಲಿಗೆ ಈ ಗೌರವ ಬಂದದ್ದು ಯಾರ ಶಿಫಾರಸಿನಿಂದಲೂ ಅಲ್ಲ, ಮಧ್ಯಾಹ್ನ ಮುಂಬಯಿ ಬಿಟ್ಟ ವಿಮಾನಕ್ಕೆ ಸೂರ್ಯ ಮುಳುಗುವ ಜಾಗ ಇದು.

ಮುಂಬಯಿ–ಬಳ್ಳಾರಿ ಗೆರೆ ಯಾವ ಯಾವ ಊರಿನ ಹತ್ತಿರ ಹೋಗುತ್ತದೆ ಅಂತಲೂ ನೋಡಿದೆ. ಘಟ್ಟ ಹತ್ತಿ, ಬಾಗಲಕೋಟೆಯ ಮಗ್ಗುಲಲ್ಲಿ ಹಾದು, ಕೃಷ್ಣೆ, ಮಲಪ್ರಭೆ ದಾಟಿ, ಆನೆಗೊಂದಿ–ಹಂಪಿಯ ಹತ್ತಿರ ತುಂಗಭದ್ರೆ ದಾಟುತ್ತದೆ. ಈಗ ಆ ಎತ್ತರದಿಂದ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ಹೊಸಪೇಟೆಯ ಜಲಾಶಯ ಆಗ ಇರಲಿಲ್ಲ, ಅಣೆಕಟ್ಟು ಮುಗಿದದ್ದು 1953ರಲ್ಲಿ. ಹೊಳೆ, ಹಂಪಿಯ ಬಂಡೆಗುಡ್ಡ, ಹೊಸಪೇಟೆಯಿಂದ ಬಳ್ಳಾರಿಗೆ ಓಡುವ ಮೀಟರ್ ಗೇಜ್ ಹಳಿ, ಕೊನೆಗೆ ಬಯಲಿನ ನಡುವೆ ಒಂದೇ ಬಂಡೆಯಾಗಿ ಎದ್ದ ಬಳ್ಳಾರಿಯ ಕೋಟೆಗುಡ್ಡ. ದಾರಿಗುರುತಿಗೆ ಇದಕ್ಕಿಂತ ಒಳ್ಳೆಯ ಊರು ಬೇಕೆ? ನೇಗಿಲು ಹೊಡೆಸುವ ಅಗತ್ಯವೇ ಬೀಳಲಿಲ್ಲ.

ಆಗಿನ ಬಳ್ಳಾರಿ ಮೈಸೂರಿಗೆ ಸೇರಿದ್ದಲ್ಲ, ಮದರಾಸು ಪ್ರಾಂತ್ಯದ ಜಿಲ್ಲಾಕೇಂದ್ರ. ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ರಂದು. ದಂಡಿನ ಊರು, ಆದ್ದರಿಂದ ಬಯಲಿಗೆ ಬರವಿರಲಿಲ್ಲ. ಅಲ್ಲಿ ಚೀಲವೊಂದು ರಾತ್ರಿ ಕಳೆಯಿತೆಂದರೆ ನಮ್ಮ ಇಲಾಖೆಯವನ ಕಣ್ಣಿಗೆ ಕಟ್ಟುವುದೇ ಬೇರೆ. ಬೇರೆಯವರು ರೆಕ್ಕೆ, ಪೈಲಟ್, ಕನ್ನಡಕ ನೋಡುತ್ತಾರೆ. ನಾನು ನೋಡುವುದು ಚೀಲದ ಕೊರಳು: ದಾರ ಬಿಗಿಯಾಗಿದೆಯೇ, ಅರಗಿನ ಮುದ್ರೆ ಒಡೆದಿಲ್ಲವೇ, ಲೇಬಲ್ಲಿನಲ್ಲಿ ಮದರಾಸು ಅಂತ ಸರಿಯಾಗಿ ಇದೆಯೇ, ತೂಕ ತಾಳೆಯಾಯಿತೇ, ರಾತ್ರಿ ಕಾವಲಿಗೆ ಯಾರು, ಬೆಳಗ್ಗೆ ಯಾರ ಸಹಿಗೆ ಕೊಟ್ಟರು. ಗುಂತಕಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಚೀಲದ ಮೇಲೆ ಕೂತು ಮೇಲ್ ಗಾಡಿಗೆ ಕಾದ ಯಾವನಿಗೂ ಇದು ಹೇಳಿಕೊಡಬೇಕಾಗಿಲ್ಲ. ಲಂಡನ್ನಿನ ಕಾಗದವಾದರೇನು, ಕುರುಗೋಡಿನ ಕಾಗದವಾದರೇನು, ಮುದ್ರೆ ಒಡೆದರೆ ಮೆಮೊ ಒಂದೇ.

ಒಟ್ಟು ಎಷ್ಟಾಯಿತು? ಲಂಡನ್–ಕರಾಚಿ ಏಳು ದಿನ, ಕರಾಚಿ–ಮದರಾಸು ಒಂದೂಕಾಲು ದಿನ. ಹಡಗು–ರೈಲಿನ ದಾರಿಗಿಂತ ಒಂದು ವಾರ ಉಳಿತಾಯ. ವ್ಯಾಪಾರದವನಿಗೆ ಹುಂಡಿ, ಸರಕಿನ ದರ, ಬ್ಯಾಂಕಿನ ಕಾಗದ ಒಂದು ವಾರ ಮುಂಚೆ ಕೈಗೆ ಸಿಗುವುದೆಂದರೆ ಅದು ಹಣವೇ. ಹೆಚ್ಚಿನ ದರ ತೆತ್ತು ವಿಮಾನದಲ್ಲಿ ಕಾಗದ ಹಾಕುತ್ತಿದ್ದವರು ಅಂಥವರೇ, ಮಗನಿಗೆ ಹಬ್ಬದ ಸುದ್ದಿ ಬರೆಯುವ ತಾಯಂದಿರಲ್ಲ. ಕಂಪನಿಯೂ ಸೋಲಲಿಲ್ಲ. ಇಬ್ಬರು ಪೈಲಟ್‌ಗಳ ಜೊತೆಗೆ ಹೋಮಿ ಭರೂಚಾ ಬಂದು ಮೂವರಾದರು. ಮೊದಲ ಪೂರ್ಣ ವರ್ಷದಲ್ಲಿ 1,60,000 ಮೈಲಿ ಹಾರಿ, 155 ಪ್ರಯಾಣಿಕರನ್ನೂ ಹತ್ತು ಟನ್ನಿನಷ್ಟು ಟಪಾಲನ್ನೂ ಹೊತ್ತು 60,000 ರೂಪಾಯಿ ಲಾಭ ಮಾಡಿದರು. ಪ್ರಯಾಣಿಕನೆಂದರೆ ಟಪಾಲು ಚೀಲದ ಪಕ್ಕದಲ್ಲಿ ಜಾಗ ಉಳಿದರೆ ಕೂರುವವನು, ಅಷ್ಟೇ ಅವನ ದರ್ಜೆ.

ಬಳ್ಳಾರಿಯ ಭಾಗ್ಯ ಬಹಳ ದಿನ ನಡೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಮುಂಬಯಿ–ಮದರಾಸು ದಾರಿ ಹೈದರಾಬಾದಿನ ಮೇಲೆ ಹೋಗಲು ಶುರುವಾಯಿತು. ಲೆಕ್ಕದಲ್ಲಿ ಇದು ನಷ್ಟ: ಹೈದರಾಬಾದಿಗೆ ಹೋಗಿ ಮದರಾಸಿಗೆ ಬಂದರೆ ನೂರು ಕಿಲೋಮೀಟರಿಗೂ ಮೇಲೆ ಸುತ್ತು. ಆದರೆ ಅದು ನಿಜಾಮರ ರಾಜಧಾನಿ. ಟಪಾಲು ಅಲ್ಲಿ, ದುಡ್ಡು ಅಲ್ಲಿ, ಹತ್ತುವವರೂ ಅಲ್ಲಿ. ಬಳ್ಳಾರಿಯ ಹತ್ತಿರ ಇದ್ದದ್ದು ಸರಿಯಾದ ಜಾಗದಲ್ಲಿರುವ ಗುಣ ಒಂದೇ. ಆ ಗುಣಕ್ಕೆ ಬೆಲೆ ಇರುವುದು ಇಂಜಿನ್ನು ದುರ್ಬಲವಾಗಿ, ದೀಪ ಇಲ್ಲದೆ ಇರುವವರೆಗೆ ಮಾತ್ರ. ನಮ್ಮ ಊರಿಗೆ ಅನ್ಯಾಯವಾಯಿತು ಎಂದು ನಾನು ಹೇಳುವುದಿಲ್ಲ. ಕಂಪನಿ ನಡೆಸುವವನಾಗಿದ್ದರೆ ನಾನೂ ಹೈದರಾಬಾದಿಗೇ ಹೋಗುತ್ತಿದ್ದೆ.

ಮುಂದಿನದು ಓಟದ ಕಥೆ. 1938ರ ಫೆಬ್ರವರಿಯಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಏರ್ ಮೇಲ್ ಯೋಜನೆ ಭಾರತಕ್ಕೂ ಬಂದಿತು. ಲಂಡನ್ನಿನಿಂದ ಹೊರಡುವ ಸಾದಾ ಕಾಗದಕ್ಕೂ ಹೆಚ್ಚಿನ ದರವಿಲ್ಲದೆ ವಿಮಾನವೇ ಗತಿಯಾಯಿತು. ಯುದ್ಧ ಬಂದು ಮೆಡಿಟರೇನಿಯನ್ ಮುಚ್ಚಿಸಿತು. ವಿನ್ಸೆಂಟ್ 1942ರಲ್ಲಿ ಇಂಗ್ಲೆಂಡಿನಿಂದ ವಿಮಾನದಲ್ಲಿ ಬರುತ್ತಿದ್ದಾಗ ಕಾಣೆಯಾದವನು ಮತ್ತೆ ಸಿಗಲಿಲ್ಲ. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ 35 ಪ್ರಯಾಣಿಕರೊಂದಿಗೆ ಮುಂಬಯಿ ಬಿಟ್ಟು ಕೈರೋ, ಜಿನೀವಾ ಎರಡೇ ಕಡೆ ಇಳಿದು ಲಂಡನ್ ಸೇರಿತು. ಹದಿನಾರು ವರ್ಷದ ಹಿಂದೆ ಹತ್ತಾರು ಕಡೆ ಇಳಿಯುತ್ತಿದ್ದ ದಾರಿ! 1960ರಲ್ಲಿ ಬೋಯಿಂಗ್ 707 ಬಂದ ಮೇಲೆ ದಿನದ ಲೆಕ್ಕವೇ ಹೋಗಿ ಗಂಟೆಯ ಲೆಕ್ಕ ಬಂತು.

ದೇಶದೊಳಗೆ ಕತ್ತಲನ್ನು ಗೆದ್ದದ್ದು ಮಾತ್ರ ಟಪಾಲಿನವರೇ, ಇದನ್ನು ಹೇಳದೆ ಮುಂದೆ ಹೋಗಲಾರೆ. 1949ರ ಜನವರಿಯಲ್ಲಿ ರಾತ್ರಿ ಏರ್ ಮೇಲ್ ಶುರುವಾಯಿತು. ಮುಂಬಯಿ, ಕಲ್ಕತ್ತ, ದಿಲ್ಲಿ, ಮದರಾಸಿನಿಂದ ಸಂಜೆಯ ಟಪಾಲು ಹೊತ್ತ ನಾಲ್ಕು ವಿಮಾನ ನಡುರಾತ್ರಿ ನಾಗಪುರದಲ್ಲಿ ಇಳಿಯುವುದು. ಚೀಲಗಳನ್ನು ಅದಲು ಬದಲು ಮಾಡಿಕೊಂಡು ಬೆಳಗಾಗುವ ಹೊತ್ತಿಗೆ ತಂತಮ್ಮ ಊರಿಗೆ ಮರಳುವುದು. ಸಾಯಂಕಾಲ ಮದರಾಸಿನಲ್ಲಿ ಹಾಕಿದ ಕಾಗದ ಬೆಳಗ್ಗೆ ದಿಲ್ಲಿಯಲ್ಲಿ. ಅದೇ ವರ್ಷ ಏಪ್ರಿಲಿನಿಂದ ಒಳನಾಡಿನ ಸಾದಾ ಕಾಗದಕ್ಕೂ ವಿಮಾನದ ಹೆಚ್ಚಿನ ದರ ತೆಗೆದುಹಾಕಿದರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ನಾಗಪುರದ ಏರ್ಪಾಡು ಮುಗಿದಿತ್ತು. ಆದರೆ ನಮ್ಮ ಹಿರಿಯ ಸಾರ್ಟರ್‌ಗಳು ಚಹಾ ಕುಡಿಯುವಾಗ ಅದರ ಮಾತು ತೆಗೆಯುತ್ತಿದ್ದರು: ‘ಆಗ ವಿಮಾನಗಳು ನಮಗಾಗಿ ಕಾಯುತ್ತಿದ್ದವಪ್ಪಾ, ಈಗ ನಾವು ಬ್ಯಾಗು ಹಿಡಕೊಂಡು ವಿಮಾನಕ್ಕೆ ಕಾಯಬೇಕು.’

1982ರ ಅಕ್ಟೋಬರ್ 15ರಂದು, ಐವತ್ತು ವರ್ಷ ತುಂಬಿದಾಗ, ಎಪ್ಪತ್ತೆಂಟರ ಜೆ.ಆರ್.ಡಿ. ಲೆಪರ್ಡ್ ಮಾತ್ ಎಂಬ ಹಳೆಯ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಹಾರಿದರು. ದೊಡ್ಡ ಮನುಷ್ಯ, ದೊಡ್ಡ ಎದೆಗಾರಿಕೆ. ಆ ದಿನದ ಸಂಭ್ರಮವೂ ಮುಂಬಯಿಗೇ ನಿಂತಿತು. ಇನ್ನರ್ಧ ದಾರಿ, ವಿನ್ಸೆಂಟನ ದಾರಿ, ಯಾರ ನೆನಪಿಗೂ ಬರಲಿಲ್ಲ. ಈಗ ಬಳ್ಳಾರಿಯವರು ವಿಮಾನ ಹತ್ತಬೇಕೆಂದರೆ ತೋರಣಗಲ್ಲಿನ ಜಿಂದಾಲ್ ವಿಮಾನ ನಿಲ್ದಾಣಕ್ಕೆ ಹೋಗಬೇಕು.

ಕೊನೆಗೆ ಓದುಗರಲ್ಲಿ ಒಂದು ಕೇಳಿಕೆ. ಬಳ್ಳಾರಿ, ಹೊಸಪೇಟೆ, ಆದೋನಿ, ಅನಂತಪುರ ಕಡೆಯ ಹಳೆಯ ವಕೀಲರ, ಹತ್ತಿ ವ್ಯಾಪಾರಿಗಳ, ಮಿಷನ್ನಿನವರ ಮನೆಗಳ ಅಟ್ಟದಲ್ಲಿ 1932ರಿಂದ ಮುಂದಿನ ನಾಲ್ಕೈದು ವರ್ಷಗಳ ಲಕೋಟೆಗಳು ಇನ್ನೂ ಇರಬಹುದು. ಸಿಕ್ಕರೆ ಚೀಟಿಗಾಗಿ ಮೂಲೆ ಕತ್ತರಿಸಬೇಡಿ, ನೀರಿನಲ್ಲಿ ನೆನೆಸಬೇಡಿ, ಮಕ್ಕಳ ಆಲ್ಬಮ್ಮಿಗೆ ಕೊಡಬೇಡಿ. ಆ ಕಾಲದ ಐದನೇ ಜಾರ್ಜ್ ದೊರೆಯ ಚೀಟಿ ಸಂತೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಲಕೋಟೆಯನ್ನು ತಿರುಗಿಸಿ ನೋಡಿ. ಕರಾಚಿಯ ಠಸ್ಸೆ ಒಂದು ತಾರೀಕು, ಮದರಾಸಿನ ಠಸ್ಸೆ ಅದರ ಮರುದಿನದ ತಾರೀಕು ಇದ್ದರೆ ಅದು ರೈಲಿನಲ್ಲಿ ಬಂದದ್ದಲ್ಲ. ಇಡೀ ಲಕೋಟೆಯನ್ನು ಹಾಗೆಯೇ ಕಾಗದದಲ್ಲಿ ಸುತ್ತಿ, ಗೆದ್ದಲು ಹತ್ತದ ಕಡೆ ಇಡಿ.